ಬೇರಿನಲ್ಲಿ ಉಳಿದ ಚೂರು

ಸರ್ವರಿ ಬೇಗಂ ದೇವದುರ್ಗದಲ್ಲಿ ಮೂವತ್ತು ವರ್ಷದಿಂದ ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದವಳು. ಬಲಗಡೆ ಕೆಳದವಡೆಯ ಹಲ್ಲು ನೋಯಲು ಶುರುವಾಗಿ ಮೂರು ವಾರವಾದರೂ ಆಕೆ ದವಾಖಾನೆಗೆ ಹೋಗಲಿಲ್ಲ. ಲವಂಗ ಇಟ್ಟಳು, ಮೆಡಿಕಲ್‌ನಿಂದ ಗುಳಿಗೆ ತರಿಸಿ ನುಂಗಿದಳು. ಹಲ್ಲು ಕೀಳಿಸಿದರೆ ಕಣ್ಣಿನ ನರ ಸಡಿಲಾಗುತ್ತದೆ ಎಂದು ಆಕೆಯ ತಾಯಿ ಹೇಳುತ್ತಿದ್ದಳು. ಕಣ್ಣು ಮಂಜಾದರೆ ಗುಂಡಿಗೆ ಕಾಜಾ ಹೊಲಿಯುವುದು ಹೇಗೆ? ನಾಲ್ಕನೆಯ ವಾರ ಬಿಸಿ ಚಹಾ ಬಾಯಿಗಿಟ್ಟರೆ ಕಿವಿಯವರೆಗೂ ಸಿಡಿಯತೊಡಗಿತು. ಆಗ ಮಗ ಮುಷರ್ರಫ್ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣದ ಹಿಂದಿನ ಹೊಸ ಹಲ್ಲಿನ ದವಾಖಾನೆಗೆ ಕರೆದೊಯ್ದ.

ಅಲ್ಲಿದ್ದವಳು ಡಾಕ್ಟರ್ ನೇತ್ರಾವತಿ. ಮಾನ್ವಿ ತಾಲೂಕಿನ ಕುರಿಗಾರರ ಮನೆಯ ಹುಡುಗಿ, ರಾಯಚೂರಿನಲ್ಲಿ ಓದಿ ಐದು ತಿಂಗಳ ಹಿಂದೆ ಇಲ್ಲಿ ಬೋರ್ಡು ಹಾಕಿದ್ದಳು. ಎಕ್ಸ್-ರೇಯಲ್ಲಿ ಬೇರಿನ ತುದಿಯ ಸುತ್ತ ಕೀವಿನ ಕಪ್ಪು ನೆರಳು ಕಂಡರೂ, ಹಲ್ಲು ಕೀಳುವ ಅಗತ್ಯವಿಲ್ಲ ಎಂದಳು.

"ಹಲ್ಲು ಗಟ್ಟಿ ಅದ ಚಾಚಿ. ಒಳಗಿನ ನರ ಕೆಟ್ಟದ. ಅದನ್ನಷ್ಟ ತಗದು, ಬೇರಿನ ತನಕ ಸ್ವಚ್ಛ ಮಾಡಿ, ಔಷಧ ತುಂಬಿ ಮುಚ್ಚತೀನಿ. ರೂಟ್ ಕೆನಾಲ್ ಅಂತಾರ. ಎರಡು ಮೂರು ಸಲ ಬರಬೇಕಾಗ್ತದ."

"ನೋಯ್ತದೇನು?"

"ಇಂಜೆಕ್ಷನ್ ಚುಚ್ಚೋ ಮುಂದ ಇರುವಿ ಕಡದಂಗ. ಆಮ್ಯಾಲ ದವಡಿ ಜೋಮು ಹಿಡೀತದ. ಮನಿಗೆ ಹೋದ ಮ್ಯಾಲ ಎರಡು ದಿನ ಸಣ್ಣಗ ನೋಯ್ತದ, ಅದಕ್ಕ ಅಂಜಬ್ಯಾಡ್ರಿ. ಬಾವು ಬಂದರ ಮಾತ್ರ ಫೋನ್ ಮಾಡ್ರಿ."

ಹೇಳಿದಂತೆಯೇ ಆಯಿತು. ಮೊದಲ ದಿನ ನಲವತ್ತು ನಿಮಿಷ ಬಾಯಿ ತೆರೆದು ಮಲಗಿದ್ದು ಬಿಟ್ಟರೆ ಸರ್ವರಿ ಬೇಗಂಗೆ ಕಷ್ಟವೇನೂ ತಿಳಿಯಲಿಲ್ಲ. ಅಂದು ರಾತ್ರಿ ತಿಂಗಳ ನಂತರ ಸರಿಯಾಗಿ ನಿದ್ದೆ ಬಂತು. ಇನ್ನೊಮ್ಮೆ ಯಾಕೆ ಹೋಗಬೇಕು ಎಂದು ಮಗನನ್ನು ಕೇಳಿದಳು. ಆದರೂ ಮುಂದಿನ ವಾರ ಹೇಳಿದ ಹೊತ್ತಿಗೆ ಬಂದು ಕುರ್ಚಿಯ ಮೇಲೆ ಒರಗಿದಳು.

ತೊಂದರೆಯಾದದ್ದು ಅಂದು. ಹಲ್ಲಿನ ಬೇರಿನಲ್ಲಿ ಕೂದಲೆಳೆಯಷ್ಟು ಸಣ್ಣ ನಾಳಗಳಿರುತ್ತವೆ. ಅವನ್ನು ಫೈಲ್ ಎಂಬ ಸೂಜಿಯಿಂದ ಉಜ್ಜಿ ಸ್ವಚ್ಛ ಮಾಡಬೇಕು. ಆ ಹಲ್ಲಿನ ಮುಂಭಾಗದ ಬೇರಿನ ನಾಳ ತುದಿಯ ಹತ್ತಿರ ಸೊಟ್ಟಗಿತ್ತು. ನೇತ್ರಾವತಿಯ ಬೆರಳಿಗೆ ಸೂಜಿ ಬಿಗಿಯಾದದ್ದು ತಿಳಿಯಿತು, ಮರುಕ್ಷಣವೇ ಸಡಿಲಾದದ್ದೂ ತಿಳಿಯಿತು. ಹೊರಗೆ ತೆಗೆದು ನೋಡಿದರೆ ತುದಿ ಇರಲಿಲ್ಲ. ಎಕ್ಸ್-ರೇಯಲ್ಲಿ ಬೇರಿನ ಕೊನೆಗೆ ಅಕ್ಕಿಯ ನುಚ್ಚಿನಷ್ಟು ಬೆಳ್ಳಗಿನ ಗೆರೆ ಕಂಡಿತು.

"ಒಂದು ನಿಮಿಷ ಚಾಚಿ," ಎಂದು ಹೇಳಿ ಆಕೆ ಒಳಕೋಣೆಗೆ ಹೋದಳು. ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ಆಮೇಲೆ ರಾಯಚೂರಿನ ಹಫೀಜ್‌ಗೆ ಫೋನ್ ಮಾಡಿದಳು. ಅವನು ಕಾಲೇಜಿನಲ್ಲಿ ಆಕೆಗಿಂತ ಮೂರು ವರ್ಷ ಹಿರಿಯ, ಈಗ ಬೇರಿನ ಚಿಕಿತ್ಸೆಯನ್ನೇ ಮಾಡುವ ಡಾಕ್ಟರ್.

"ತುದಿಯಾಗ ಅದ ಅಂದ್ರ ಬಹಳ ಮಟ್ಟಿಗೆ ಏನೂ ಆಗಂಗಿಲ್ಲ," ಎಂದ ಹಫೀಜ್. "ಎಷ್ಟೋ ಮಂದಿ ಹಂಗ ತುಂಬಿ ಕ್ಯಾಪ್ ಹಾಕಿ ಕಳಿಸಿಬಿಡ್ತಾರ. ಹೇಳಿದಿ ಅಂದ್ರ ನಾಳೆ ದೇವದುರ್ಗದಾಗ ಎಲ್ಲಾರಿಗೂ ಗೊತ್ತಾಗ್ತದ ನೋಡು."

"ನೀವು ಹೇಳ್ತಿದ್ರೇನ್ರಿ, ಅಣ್ಣಾ?"

ಹಫೀಜ್ ದನಿ ತಗ್ಗಿಸಿದ.

"ನನ್ನ ಕೈಯಾಗ ಮೊದಲನೇ ಸಲ ಮುರಿದಾಗ ಹೇಳಿದ್ದಿಲ್ಲ. ಆ ಪೇಷಂಟ್ ಈಗೂ ಬರ್ತಾರ. ಬಂದಾಗೊಮ್ಮೆ ಮೊದಲು ಆ ಹಲ್ಲ ನೋಡ್ತೀನಿ."

ನೇತ್ರಾವತಿ ಹೊರಗೆ ಬಂದು ಕುರ್ಚಿಯನ್ನು ನೇರ ಮಾಡಿ, ಹಲ್ಲಿನ ಸುತ್ತ ಕಟ್ಟಿದ್ದ ರಬ್ಬರ್ ಹಾಳೆ ಬಿಚ್ಚಿದಳು. ಮುಷರ್ರಫ್‌ನನ್ನೂ ಒಳಗೆ ಕರೆದಳು. ಎಕ್ಸ್-ರೇಯ ಮೇಲೆ ಬೆರಳಿಟ್ಟು ತೋರಿಸಿದಳು. "ಸೂಜಿ ತುದಿ ಮುರಿದು ಒಳಗ ಉಳಿದದ. ನನ್ನ ಕೈಯಾಗ ಆಗ್ಯದ. ಮೊದಲೇ ಹಿಂಗ ಆಗಬಹುದು ಅಂತ ನಿಮಗ ಹೇಳಬೇಕಿತ್ತು, ಹೇಳಲಿಲ್ಲ, ಅದೂ ನನ್ನ ತಪ್ಪ."

ಮುಷರ್ರಫ್ ಸಿಟ್ಟಾದ. ಕಲಿಯಾಕ ನಮ್ಮವ್ವನ ಬಾಯೇ ಸಿಕ್ಕಿತ್ತೇನು ಎಂದ. ಹೊರಗೆ ಕೂತವರಿಗೂ ಕೇಳಿಸಿತು. ಸರ್ವರಿ ಬೇಗಂ ಜೋಮು ಹಿಡಿದ ತುಟಿಯನ್ನು ಅಂಗೈಯಿಂದ ಒತ್ತಿ ಹಿಡಿದು, "ಲೇ, ಸುಮ್ನಿರು. ಬಾಯಿ ನಂದು," ಎಂದಳು. ಆಮೇಲೆ ಡಾಕ್ಟರ್ ಕಡೆ ತಿರುಗಿದಳು.

"ನಮ್ಮ ಮಷಿನ್ ಸೂಜಿ ಮುರಿದ್ರ ತುಂಡು ಸಿಗೋ ತನಕ ನಾವು ಅರಿವಿ ಕೊಡಂಗಿಲ್ಲ. ಇದನ್ನ ತಗಿಯಾಕ ಆಗ್ತದೋ ಇಲ್ಲೋ?"

"ರಾಯಚೂರಾಗ ದೊಡ್ಡ ಮಷಿನ್ ಅದ, ಅದರಾಗ ಒಳಗಿಂದೆಲ್ಲ ದೊಡ್ಡದಾಗಿ ಕಾಣ್ತದ. ಪ್ರಯತ್ನ ಮಾಡಬಹುದು. ಬಂದೇ ಬರ್ತದ ಅಂತ ಹೇಳಾಂಗಿಲ್ಲ. ಖರ್ಚು ನಂದು. ನಾನೂ ಸಂಗಾಟ ಬರ್ತೀನಿ."

ಸರ್ವರಿ ಬೇಗಂ ಹಲ್ಲಿಗೆ ತಾತ್ಕಾಲಿಕ ಔಷಧ ತುಂಬಿಸಿಕೊಂಡು ಮನೆಗೆ ಹೋದಳು. ಮೂರು ದಿನ ಬಿಟ್ಟು ತಾನೇ ಫೋನ್ ಮಾಡಿ, ಆದಿತ್ಯವಾರ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದಳು.

ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದರು. ಬಸ್ಸು ಕಲ್ಮಲ ಊರು ದಾಟಿತು. ಆಮೇಲೆ ಸರ್ವರಿ ಬೇಗಂ, "ನಿಮಗ ಮದಿವಿ ಆಗ್ಯದೇನ್ರಿ?" ಎಂದಳು. ಇಲ್ಲ ಎಂದಾಗ, "ಜಂಪರ್ ಯಾರ ಕಡೆ ಹೊಲಿಸ್ತೀರಿ? ತೋಳು ಬಿಗಿ ಆಗ್ಯಾವ," ಎಂದು ಕಿಟಕಿಯ ಕಡೆ ನೋಡಿದಳು.

ರಾಯಚೂರಿನ ತನ್ನ ದವಾಖಾನೆಯಲ್ಲಿ ಹಫೀಜ್ ಒಂದೂವರೆ ತಾಸು ಹೆಣಗಿದ. ಚೂರು ಅಲುಗಲಿಲ್ಲ. ಇನ್ನೂ ಕೆದಕಿದರೆ ಬೇರು ತೂತಾಗುತ್ತದೆ ಎಂದು ಬಿಟ್ಟು, ಚೂರಿನ ಪಕ್ಕದಿಂದ ಸಣ್ಣ ಸೂಜಿಯೊಂದನ್ನು ತುದಿಯವರೆಗೆ ದಾಟಿಸಿದ. ನಾಳ ತೊಳೆದು ತುಂಬಿದ. "ಚೂರು ಒಳಗೇ ಇರ್ತದ್ರೀ ಅಮ್ಮಾ. ಆದರ ಅದರ ಆಚಿಗೂ ಸ್ವಚ್ಛ ಆಗ್ಯದ. ಆರು ತಿಂಗಳಿಗೊಮ್ಮೆ ಎಕ್ಸ್-ರೇ ತಗಿಸ್ರಿ. ಹುಣ್ಣಾದರ ಮಾತ್ರ ಕೀಳಬೇಕಾಗ್ತದ," ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಸರ್ವರಿ ಬೇಗಂ ನಿದ್ದೆ ಹೋದಳು. ನೇತ್ರಾವತಿಗೆ ನಿದ್ದೆ ಬರಲಿಲ್ಲ.

ಹಫೀಜ್ ಹೇಳಿದಂತೆ ಸುದ್ದಿ ಊರಲ್ಲಿ ಹರಡಿತು. ಜಂಪರ್ ಹೊಲಿಸಲು ಬಂದ ಹೆಂಗಸರಿಗೆಲ್ಲ ಸರ್ವರಿ ಬೇಗಂ ತಾನೇ ಹೇಳಿದಳು, ಸೂಜಿ ಮುರಿದದ್ದನ್ನೂ ಡಾಕ್ಟರು ರಾಯಚೂರಿಗೆ ಬಂದದ್ದನ್ನೂ. ಕೇಳಿದವರು ತಮಗೆ ಬೇಕಾದ ಅರ್ಧವನ್ನು ಒಯ್ದರು. ಎರಡು ತಿಂಗಳು ದವಾಖಾನೆಯ ಬೆಂಚು ಬಹುತೇಕ ಖಾಲಿಯಿತ್ತು. ನೇತ್ರಾವತಿ ಈಗ ರೂಟ್ ಕೆನಾಲ್‌ಗೆ ಬಂದ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಿದ್ದಳು: ಅಪರೂಪಕ್ಕೆ ಸೂಜಿ ಮುರಿಯಬಹುದು, ಕೆಲವೊಮ್ಮೆ ಹಲ್ಲು ಉಳಿಯದೆಯೂ ಇರಬಹುದು. ಕೇಳಿ ಎದ್ದು ಹೋದವರಿದ್ದರು. ಕೇಳಿಯೂ ಮಲಗಿದವರು ನಿಧಾನವಾಗಿ ಹೆಚ್ಚಿದರು.

ಆ ಹಲ್ಲಿಗೆ ಕ್ಯಾಪ್ ಕೂರಿಸಿದ ಮೇಲೂ ಸರ್ವರಿ ಬೇಗಂ ಎಡಗಡೆಯಿಂದಲೇ ಅಗಿಯುತ್ತಿದ್ದಳು. ಬಲಗಡೆಯೂ ಅಗಿಯಬಹುದು ಎಂದು ನೇತ್ರಾವತಿ ಎಷ್ಟು ಹೇಳಿದರೂ, "ಇನ್ನೂ ಧೈರ್ಯ ಬಂದಿಲ್ಲ ಬಿಡ್ರಿ," ಎನ್ನುತ್ತಿದ್ದಳು. ಆರು ತಿಂಗಳಿಗೆ ಎಕ್ಸ್-ರೇ ತೆಗೆಸಲು ಬಂದಾಗ ಮಾತ್ರ ಕುರ್ಚಿ ಹತ್ತುವ ಮೊದಲೇ ಮಾತು ತೆಗೆದಳು. ಹಿಂದಿನ ವಾರ ಮಾನ್ವಿಯಲ್ಲಿ ತಂಗಿ ಗುಲ್ಶನ್ ಬೇಗಂಳ ಮಗಳ ಮದುವೆ. ಊಟಕ್ಕೆ ಕೂತು ತಂಗಿಯ ಸಂಗಡ ಬೀಗರ ವಿಷಯ ಮಾತಾಡುತ್ತ ಮಾತಾಡುತ್ತ ತಟ್ಟೆ ಖಾಲಿಯಾಗಿತ್ತು.

"ಕಡೀಕ ನೋಡ್ತೀನಿ, ಎಲುಬು ಬಲಗಡಿ ಹಲ್ಲಾಗ ಅದ. ಎಷ್ಟೊತ್ತಿನಿಂದ ಅಗಿಯಾಕತ್ತಿದ್ದೆನೋ, ನನಗ ಗೊತ್ತಿಲ್ಲ."

"ನೋವಾತೇನು?"

"ಗೊತ್ತಾದ ಮ್ಯಾಲ ಸ್ವಲ್ಪ ಅಂಜಿಕಿ ಆತು. ನೋವಾಗಲಿಲ್ಲ."

ನೇತ್ರಾವತಿ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಳು. ಬೇರಿನ ತುದಿಯ ಸುತ್ತ ಮೊದಲಿದ್ದ ಕಪ್ಪು ನೆರಳು ಕುಗ್ಗಿ ಸಾಸಿವೆ ಕಾಳಿನಷ್ಟಾಗಿತ್ತು.