ಅಕ್ಕನ ಮನೆಯ ಹಿಂದಿನ ಗೆರೆ

ಸಭಾಂಗಣದ ಮೇಜಿನ ಮೇಲೆ ಜಿಲ್ಲೆಯ ಕರಾವಳಿ ಉದ್ದಕ್ಕೆ ಹಾಸಿಕೊಂಡಿತ್ತು. ನಕ್ಷೆ ಸುರುಳಿಗೊಳ್ಳದಂತೆ ಮೂಲೆಗೊಂದರಂತೆ ಚಹಾ ಲೋಟ ಇಟ್ಟಿದ್ದರು. ಒಂದರ ತಳದಲ್ಲಿ ಉಳಿದ ಚಹಾ ಕೆನೆಗಟ್ಟಿತ್ತು. ಸಮುದ್ರಕ್ಕೆ ಬಳಿದ ನೀಲಿ ಬಣ್ಣ ಕಾಗದದ ಅಂಚಿನವರೆಗೂ ಹೋಗಿ, ಆಚೆಗೆ ಇನ್ನೇನೂ ಇಲ್ಲವೆಂಬಂತೆ ಸುಮ್ಮನೆ ನಿಂತಿತ್ತು. ನೀಲಿಗೂ ನೆಲದ ಹಳದಿಗೂ ನಡುವೆ ಒಂದು ಕೆಂಪು ಗೆರೆ. ಕೊಲ್ಲಿಯೊಳಕ್ಕೆ ಬಾಗಿ, ಬಂಡೆಗಳನ್ನು ಬಳಸಿ, ನದಿ ಸೇರುವಲ್ಲಿ ಒಂದಿಷ್ಟು ಹಿಂಜರಿದು, ಮತ್ತೆ ಧೈರ್ಯ ತಂದುಕೊಂಡು ಮುಂದೆ ಸಾಗಿದ ಗೆರೆ. ಕಿಟಕಿಯ ಸರಳುಗಳ ನೆರಳು ಅದರ ಮೇಲೆ ಅಡ್ಡಡ್ಡ ಬಿದ್ದಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಕುರ್ಚಿಗಳು ಖಾಲಿಯಿದ್ದವು. ಆ ಗೆರೆಗೆ ಇನ್ನೂ ಯಾರ ದನಿಯೂ ತಾಗಿರಲಿಲ್ಲ.

ಆಮೇಲೆ ಜನ ಬಂದರು.

ಸುಸ್ಥಿರ ಪ್ರವಾಸೋದ್ಯಮದ ಯೋಜನೆ ಎಂಬ ದೊಡ್ಡ ಹೆಸರಿನ ಕೆಳಗೆ ಇದ್ದದ್ದು ಸರಳ ಸಂಗತಿ. ದೊಡ್ಡ ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಯೋ ಅಲ್ಲಿ ಕೆಂಪು ಗೆರೆ. ಅದರಿಂದ ಒಳಕ್ಕೆ ಗೊತ್ತುಪಡಿಸಿದಷ್ಟು ದೂರ ವಸತಿಗೃಹ, ಅಂಗಡಿ, ಶೆಡ್ಡು ಯಾವುದೂ ಇರಕೂಡದು. ದಡ ಉಳಿದರೆ ತಾನೆ ದಡ ನೋಡಲು ಬರುವವರು ಉಳಿಯುವುದು! ಹೀಗೆಂದು ಯೋಜಕ ಹೇಳಿದಾಗ ಯಾರೂ ತಲೆಯಾಡಿಸಲಿಲ್ಲ. ಅವನನ್ನು ಊರು ‘ನಕ್ಷೆ ಸಾಹೇಬರು’ ಎಂದು ಕರೆಯುತ್ತಿತ್ತು. ಆ ‘ಸಾಹೇಬರು’ ಎಂಬಲ್ಲಿ ಗೌರವಕ್ಕಿಂತ ಮುಳ್ಳೇ ಹೆಚ್ಚು.

ಆದರೂ ಅವನ ಕೆಲಸದ ರೀತಿಯನ್ನು ಹಳಿಯಲು ಯಾರಿಗೂ ಎಡೆಯಿರಲಿಲ್ಲ. ಆಕಾಶದಿಂದ ತೆಗೆದ ಚಿತ್ರಗಳನ್ನು ಅವನು ನಂಬುತ್ತಿರಲಿಲ್ಲ. ಹುಣ್ಣಿಮೆಯ ಉಬ್ಬರ ಇಳಿದ ಮರುದಿನ ಬೆಳಗ್ಗೆ ಮರಳಿನ ಮೇಲೆ ನಡೆಯುತ್ತ, ನೀರು ಬಿಟ್ಟುಹೋದ ಪಾಚಿ, ಚಿಪ್ಪು, ಕಡ್ಡಿಕಸದ ಸಾಲನ್ನು ಹುಡುಕಿ, ಅಲ್ಲಲ್ಲಿ ಗೂಟ ಹೊಡೆಯುತ್ತಿದ್ದ. “ಗೆರೆ ಎಳೆಯೋದು ಸಮುದ್ರ. ನಾನು ನಕಲು ಮಾಡೋನು ಅಷ್ಟೆ” ಎನ್ನುತ್ತಿದ್ದ. 

ಮೊದಲು ಎದ್ದವನು ದೋಣಿ ಸಂಘದ ಅಧ್ಯಕ್ಷ. ದನಿಯ ದೆಸೆಯಿಂದ ಅವನಿಗೆ ‘ಗುಡುಗು’ ಎಂಬ ಹೆಸರು ಬಿದ್ದಿತ್ತು. ಪ್ರವಾಸಿಗಳನ್ನು ದೋಣಿ ಹತ್ತಿಸುವ ಅವನ ಶೆಡ್ಡು ಗೆರೆಯ ಒಳಗೆ ಸಿಕ್ಕಿತ್ತು.

“ನನ್ನ ಶೆಡ್ಡು ಕೀಳ್ಬೇಕು, ಆಯ್ತು. ಆದ್ರೆ ಒಂದು ಅನುಮಾನ ಸಾಹೇಬ್ರೇ. ಸಮುದ್ರ ನನ್ನ ಶೆಡ್ಡಿನ ಹತ್ರ ಒಳಗೇ ನುಗ್ಗುತ್ತೆ. ಪಕ್ಕದ ಮನೆ ಬಂದ ತಕ್ಷಣ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ನಿಂತ್ಕೊಳುತ್ತೆ. ಅದಕ್ಕೂ ನಿಮ್ಮ ಅಕ್ಕನ್ನ ಕಂಡ್ರೆ ಭಯಾನಾ?”

ಸಭೆ ನಕ್ಕಿತು. ಅದು ಕಲ್ಲೆಸೆಯುವ ಮುನ್ನ ಕೈ ಝಾಡಿಸಿಕೊಳ್ಳುವ ನಗು.

“ಬೇಲೀನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಅಧ್ಯಕ್ಷತೆ ವಹಿಸಿದ್ದ ಮೇಲಧಿಕಾರಿ ಕನ್ನಡಕ ಏರಿಸಿಕೊಂಡು ನಕ್ಷೆಯ ಮೇಲೆ ಬಾಗಿದಳು. “ಇಲ್ಲಿ ಗೂಟದ ಗುರುತೇ ಇಲ್ವಲ್ಲ. ನೀವು ಅಲ್ಲಿಗೆ ಹೋಗಿದ್ರಾ?”

“ಇಲ್ಲ ಮೇಡಂ.”

“ಮತ್ತೆ ಗೆರೆ?”

“ನೆನಪಿನಿಂದ ಎಳೆದೆ.”

ನಗು ನಿಂತಿತು. ಜಿಲ್ಲೆಯ ದಡವನ್ನೆಲ್ಲ ಕಾಲಿನಿಂದ ಅಳೆದವನು ತಾನು ಹುಟ್ಟಿದ ಮನೆಯ ಹಿತ್ತಲನ್ನು ಮಾತ್ರ ಕಣ್ಣುಮುಚ್ಚಿ ಅಳೆದಿದ್ದ. ಅಪ್ಪ ಕಟ್ಟಿಸಿದ ತಡೆಗೋಡೆ, ಅದರಿಂದ ಮರಳಿಗೆ ಇಳಿಯುವ ಮೆಟ್ಟಿಲು. ಮೆಟ್ಟಿಲಿನ ಆಚೆ ಸಮುದ್ರ, ಈಚೆ ಮನೆ ಎಂಬುದು ಅವರ ಬಾಲ್ಯದ ಭೂಗೋಳ. ಅದನ್ನು ಹೋಗಿ ನೋಡುವುದೇನಿದೆ? ಅಥವಾ, ನೋಡಲು ಹೋಗುವುದು ಹೇಗೆ? ಬಂಡೆಗಳ ನಡುವಿನ ಆ ತುಂಡು ದಡಕ್ಕೆ ಅಕ್ಕನ ಅಂಗಳ ಹಾದೇ ಹೋಗಬೇಕು, ಅಕ್ಕನ ಅಂಗಳ ಅವನಿಗೆ ಮುಚ್ಚಿ ವರ್ಷಗಳಾಗಿದ್ದವು. ಸಹಾಯಕರನ್ನು ಕಳುಹಿಸಬಹುದಿತ್ತು. ಆದರೆ ತಾನೇಕೆ ಹೋಗುವುದಿಲ್ಲವೆಂದು ಅವರಿಗೆ ಹೇಳಬೇಕಾಗುತ್ತಿತ್ತು.

“ಇವತ್ತು ಹುಣ್ಣಿಮೆ,” ಎಂದ ಗುಡುಗು, ಈಗ ಮೆಲ್ಲಗೆ. “ನಾಳೆ ಬೆಳಿಗ್ಗೆ ಹೋಗಿ ನೋಡ್ಲಿ.”

“ನೋಡಿ ಬನ್ನಿ. ಇಲ್ಲಾಂದ್ರೆ ಈ ನಕ್ಷೆನ ಪೂರ್ತಿ ಮಡಚಿಡೋಣ,” ಎಂದಳು ಮೇಲಧಿಕಾರಿ.

ಕೊನೆಯ ಸಾಲಿನಲ್ಲಿ ಅಕ್ಕ ಕೂತಿದ್ದಳು. ಆ ಮನೆಯನ್ನೇ ವಸತಿಗೃಹ ಮಾಡಿಕೊಂಡು ನಡೆಸುತ್ತಿದ್ದವಳು ಅವಳು. ಸಮುದ್ರದ ಕಡೆಯ ಕೋಣೆಗಳು ಅವಳ ಅನ್ನ. ರಸ್ತೆಯ ಕಡೆಯವನ್ನು ಕೇಳುವವರಿರಲಿಲ್ಲ. ಜಗಳಕ್ಕೆಂದೇ ಸೆರಗು ಬಿಗಿದು ಬಂದವಳು ನಕ್ಷೆ ನೋಡಿ, ತನ್ನ ಮನೆ ಗೆರೆಗೆ ಸಿಗದೆ ಉಳಿದದ್ದನ್ನು ಕಂಡು, ಒಂದು ಮಾತೂ ಆಡದೆ ಹಿಂದೆ ಹೋಗಿ ಕೂತಿದ್ದಳು. ಅವಳ ಮುಖದಲ್ಲಿ ಆಗ ಏನೋ ಸಡಿಲಾಗಿತ್ತು. ಈಗ ಅದು ಮತ್ತೆ ಗಂಟಾಯಿತು.

ಹೊರಗೆ ಮೆಟ್ಟಿಲ ಬಳಿ ಅವನನ್ನು ತಡೆದಳು.

“ನಾನೊಬ್ಬಳು ಹುಚ್ಚಿ. ಗೆರೆ ನೋಡಿ, ಇವನಿಗೂ ಕರುಳು ಅನ್ನೋದಿದೆ ಅಂದ್ಕೊಂಡೆ. ಮಾತು ಬಿಟ್ಟೋನು ಕೈಯಲ್ಲಿ ಹೇಳ್ತಿದಾನೆ ಅಂತ. ನೀನು ಬಂದೇ ಇಲ್ಲ, ಅಲ್ವಾ?”

“ಅಕ್ಕಾ, ತಪ್ಪಾಯ್ತು. ನಾಳೆ...”

“ಬಾ ನಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಅಪ್ಪನ ಗೋಡೆಯ ಮರ್ಯಾದೆ ತೆಗೆದಾಯ್ತು, ಇನ್ನು ನನ್ನ ಸೂರು ಒಂದು ಬಾಕಿ.”

ಆ ಗೋಡೆಯೇ ಅವರಿಬ್ಬರ ನಡುವೆ ನಿಂತದ್ದು. ಅದಕ್ಕೆ ಬಡಿದ ಅಲೆ ಪಕ್ಕಕ್ಕೆ ತಿರುಗಿ ದೋಣಿ ಎಳೆಯುವ ದಡವನ್ನು ಕೊರೆಯುತ್ತದೆಂದು ಅವನು ಹಿಂದೊಮ್ಮೆ ತುಂಬಿದ ಸಭೆಯಲ್ಲಿ, ಅಪ್ಪನ ಎದುರಿಗೇ ಹೇಳಿದ್ದ. ಮಾತು ನಿಜವಾಗಿತ್ತು. ಅಪ್ಪ ಅಂದಿನಿಂದ ಸಾಯುವವರೆಗೂ ಹಿತ್ತಲಿಗೆ ಇಳಿಯಲಿಲ್ಲ, ಅದೂ ನಿಜವಾಗಿತ್ತು.

ಬೆಳಗ್ಗೆ ಬಾಗಿಲು ತೆರೆದವನು ಭಾವ. ನಗಿಸಿ ಬದುಕಿದ ಮನುಷ್ಯ, ಅಂದು ಕೂಡ ಪ್ರಯತ್ನಿಸಿದ. “ಬಾರಪ್ಪಾ. ನಮ್ಮ ಹಣೆಬರಹ ಬರೆಯೋಕೆ ಪೆನ್ನು ತಂದಿದೀಯೋ, ಇಲ್ಲಿಂದಲೇ ಕೊಡಬೇಕೋ?” ನಗು ಹುಟ್ಟಲಿಲ್ಲ. ಅವನು ಪಕ್ಕಕ್ಕೆ ಸರಿದ.

ಊಟದ ಕೋಣೆ ದಾಟಿ ಹಿತ್ತಲಿಗೆ ಬಂದ ಯೋಜಕ ಅಲ್ಲೇ ನಿಂತ. ಮೆಟ್ಟಿಲುಗಳು ಇರಲಿಲ್ಲ. ಗೋಡೆಯ ನಡುಭಾಗ ಕುಸಿದು, ಅಲ್ಲಿಂದ ಸಮುದ್ರ ಮನೆಯವರಷ್ಟೇ ಸಲಿಗೆಯಿಂದ ಒಳಗೆ ಬಂದುಹೋಗುತ್ತಿತ್ತು. ಅಕ್ಕ ಬಗ್ಗಿ ಅಂಗಳ ಗುಡಿಸುತ್ತಿದ್ದಳು. ಪೊರಕೆಯ ಮುಂದೆ ಒದ್ದೆ ಪಾಚಿ, ಒಡೆದ ಚಿಪ್ಪು, ಬಲೆಯ ಚೂರು. ಉದ್ದ ಅಂಗಳದ ಈಚೆ ತುದಿಯಲ್ಲಿದ್ದ ಬಟ್ಟೆ ಒಣಹಾಕುವ ಕಂಬದ ಬುಡಕ್ಕೂ ಪಾಚಿ ಸುತ್ತಿಕೊಂಡಿತ್ತು. ಅದನ್ನು ಅವಳಿನ್ನೂ ಮುಟ್ಟಿರಲಿಲ್ಲ.

“ದೊಡ್ಡ ಉಬ್ಬರ ಬಂದಾಗಲೆಲ್ಲ ಹೀಗೇ ಗುಡಿಸ್ತೀಯಾ?”

“ಮನೆ ಅಂದ್ಮೇಲೆ ಕಸ ಗುಡಿಸೋದಿಲ್ವಾ?” ಅವಳು ತಲೆಯೆತ್ತಲಿಲ್ಲ. “ಕೋಣೆಯವರು ಏಳೋದ್ರೊಳಗೆ ಗುಡಿಸ್ತೀನಿ. ಎದ್ದು ನೋಡಿ, ಎಷ್ಟು ಹತ್ತಿರ ಸಮುದ್ರ ಅಂತ ಖುಷಿಪಡ್ತಾರೆ. ಎಷ್ಟು ಹತ್ತಿರ ಅಂತ ನಾನು ಹೇಳಲ್ಲ.”

“ಗೋಡೆ ಬಿದ್ದಿದ್ದು ಯಾರೂ ಹೇಳಲಿಲ್ಲ ನನಗೆ.”

“ಹೇಳಿದ್ರೆ ಏನ್ಮಾಡ್ತಿದ್ದೆ? ಹೌದಾ, ನಾನು ಮೊದಲೇ ಹೇಳಿದ್ದೆ ಅಂತಿದ್ದೆ.”

ಅವನು ಬಗ್ಗಿ ಕಂಬದ ಬುಡದ ಪಾಚಿಯನ್ನು ಮುಟ್ಟಿ ನೋಡಿದ.

“ಕೇಳು,” ಎಂದಳು ಅಕ್ಕ, ಸೊಂಟದ ಮೇಲೆ ಕೈಯಿಟ್ಟು ನೇರವಾಗಿ. “ಇನ್ನೊಂದಿಷ್ಟು ಗುಡಿಸಿದ್ರೆ ಇಲ್ಲೇನೂ ಇರಲ್ಲ. ಕಣ್ಣಾರೆ ನೋಡಿ ಬಂದೆ, ನಕ್ಷೆ ಸರಿಯಾಗೇ ಇದೆ ಅಂತ ಹೇಳು. ನಾನು ಬಾಯಿಬಿಟ್ಟು ಇಷ್ಟು ವರ್ಷದಲ್ಲಿ ನಿನ್ನನ್ನ ಏನೂ ಕೇಳಿಲ್ಲ.”

ಅಲೆಯೊಂದು ಗೋಡೆ ಕುಸಿದ ಜಾಗದವರೆಗೂ ಬಂದು, ಅವರ ಮಾತು ಮುಗಿಯಲೆಂಬಂತೆ ಅಲ್ಲೇ ತಡೆದು, ಹಿಂದೆ ಸರಿಯಿತು. ಪಕ್ಕದಲ್ಲಿ, ಬಂಡೆಯಾಚೆ, ಗುಡುಗಿನ ಶೆಡ್ಡಿನ ತಗಡು ಕೀಳುವ ಸದ್ದು ಕೇಳುತ್ತಿತ್ತು. ಗುಡುಗು ಇಲ್ಲಿನ ಅಳತೆಗೆ ಕಾದಿರಲಿಲ್ಲ, ತನ್ನ ಪಾಲಿನದನ್ನು ಶುರುಮಾಡಿಬಿಟ್ಟಿದ್ದ.

“ಆಗಲ್ಲ ಅಕ್ಕಾ.”

“ಗೊತ್ತಿತ್ತು. ಕೇಳಲಿಲ್ಲ ಅಂತ ಆಮೇಲೆ ನನಗೇ ಅನ್ನಿಸಬಾರದಲ್ಲ, ಅದಕ್ಕೆ ಕೇಳಿದೆ.”

ಅವನು ಕಂಬದ ಬುಡದಲ್ಲಿ ಗೂಟ ಹೊಡೆದ. ಅಲ್ಲಿಂದ ಅಳತೆಪಟ್ಟಿ ಬಿಚ್ಚುತ್ತ ಹಿಂದೆ ನಡೆದ. ಒಂದು ತುದಿಯನ್ನು ಭಾವ ಹಿಡಿದ, ಯಾರೂ ಹೇಳದೆ. ಪಟ್ಟಿ ಸಮುದ್ರದ ಕಡೆಯ ಕೋಣೆಗಳನ್ನೆಲ್ಲ ದಾಟಿತು, ಅಡುಗೆಮನೆಯ ಹೊಸ್ತಿಲು ದಾಟಿತು, ಊಟದ ಕೋಣೆಯ ನಡುವೆ, ಗೊತ್ತುಪಡಿಸಿದ ದೂರ ಮುಗಿಯುವಲ್ಲಿ, ಬಂದು ನಿಂತಿತು. ಹಾಸುಗಲ್ಲಿಗೆ ಗೂಟ ಇಳಿಯುವುದಿಲ್ಲ. ಅವನು ಮಂಡಿಯೂರಿ ಸೀಮೆಸುಣ್ಣದಿಂದ ಗೀಚಿದ. ಗೆರೆ ನೇರವಾಗಿಯೇ ಬಂತು. ಕೈಗೆ ಅದೊಂದೇ ಅಭ್ಯಾಸ.

ಅಕ್ಕ ಗೆರೆಯ ಆಚೆ, ಒಲೆಯ ಕಡೆ ನಿಂತು ನೋಡಿದಳು. ಅತ್ತಿರಲಿಲ್ಲ.

“ಮುಗೀತಾ?”

“ಮುಗೀತು.”

“ಕಸ ಗುಡಿಸೋ ಕಷ್ಟ ತಪ್ಪಿಸಿದೆ, ಪುಣ್ಯಾತ್ಮ. ಇನ್ನು ಹೊರಡು. ಕೋಣೆಯವರು ಏಳ್ತಾರೆ, ಅವರಿಗೆ ಚಹಾ ಆಗ್ಬೇಕು. ಇವತ್ತಿನ ಚಹಾ ಕೊಡೋದಕ್ಕಾದ್ರೂ ನಿನ್ನ ಸರ್ಕಾರದ ಅಪ್ಪಣೆ ಇದೆ ತಾನೆ?”

ಅವಳು ಒಲೆ ಹಚ್ಚಿ ಬೆನ್ನು ತಿರುಗಿಸಿದಳು. ಭಾವ ಕಣ್ಣಿನಲ್ಲೇ ರಸ್ತೆಯ ಕಡೆ ತೋರಿಸಿದ. ಯೋಜಕ ಅಳತೆಪಟ್ಟಿ ಸುತ್ತಿಕೊಂಡು, ಯಾರೂ ಕೇಳದ ಆ ಕೋಣೆಗಳ ಮುಂದೆ ನಡೆದು ಹೊರಗೆ ಕಾಲಿಟ್ಟ. ಹಿಂದೆ ಬಾಗಿಲನ್ನು ಯಾರೋ ಸದ್ದಾಗದಂತೆ ಎಚ್ಚರದಿಂದ ಒತ್ತಿ ಹಿಡಿದು ಮುಚ್ಚಿದರು.