ಕೊನೇ ಮನೆಯ ನೀರು

ಲೋಕೇಶ್ ಮೂರನೇ ಜಾಗದಲ್ಲಿ ಹಾರೆ ಹಾಕಿದ. ಅಲ್ಲೂ ಬರೀ ಜಲ್ಲಿ. ನಿನ್ನೆ ಓಣಿಗೆ ಡಾಂಬರು ಹಾಕಿದ ಪುಣ್ಯಾತ್ಮರು ನೀರಿನ ವಾಲ್ವಿನ ಗುಂಡಿಯನ್ನೂ ಮುಚ್ಚಿ ಹೋಗಿದ್ದರು. ಅದರ ಜಾಗ ಗೊತ್ತಿದ್ದ ಅವನ ದೊಡ್ಡಪ್ಪ, ನೀರುಗಂಟಿ ಶ್ಯಾಮಣ್ಣ, ಮನೆ ಮುಂದೆ ಬೆಂಚಿನ ಮೇಲೆ ಹೆಣವಾಗಿ ಮಲಗಿದ್ದ. ಪಟ್ಟಂದೂರು ಅಗ್ರಹಾರಕ್ಕೆ ಮೂವತ್ತು ವರ್ಷ ನೀರು ಬಿಟ್ಟವನ ಮೈ ತೊಳೆಯಲು ಒಂದು ಬಿಂದಿಗೆ ನೀರಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಹನ್ನೆರಡಕ್ಕೆ ರಾಹುಕಾಲ; ಆಗಲೇ ಹನ್ನೊಂದೂಕಾಲು.

ಟ್ಯಾಂಕರ್ ತರಿಸೋಣ ಎಂದರು ಯಾರೋ. ಶ್ಯಾಮಣ್ಣನ ಹೆಂಡತಿ ಭಾಗ್ಯಮ್ಮ ಒಪ್ಪಲಿಲ್ಲ. ಅವನು ಬಿಡುತ್ತಿದ್ದ ನೀರೇ ಆಗಬೇಕು. ಜಾಗ ಅವಳಿಗೆ ಗೊತ್ತಿತ್ತು. ಆದರೆ ಹೇಳುವುದು ಹೇಗೆ?

*

ಎರಡು ವರ್ಷದ ಹಿಂದೆ, ಡಯಾಲಿಸಿಸ್‌ಗೆಂದು ಡಾಕ್ಟರು ಶ್ಯಾಮಣ್ಣನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು. ದಿನಾ ಮುಟ್ಟಿ ನೋಡಬೇಕು; ರಕ್ತ ಹರಿಯುತ್ತಿದ್ದರೆ ಒಳಗೆ ಗುಂಯ್ ಎನ್ನುತ್ತದೆ.

"ಮೇನ್ ಲೈನಿಗೆ ಕನೆಕ್ಷನ್ ಕೊಟ್ಟವ್ರೆ ಕಣೇ," ಎಂದು ನಕ್ಕಿದ್ದ ಶ್ಯಾಮಣ್ಣ. ಬೆರಳು ತಣ್ಣಗಾದಾಗ ಮಾತ್ರ ನಗಲಿಲ್ಲ. "ಕೊನೇ ಮನೆಗೆ ಪ್ರೆಶರ್ ಸಾಲ್ದು. ನೀರು ಓಗ್ದಿದ್ ಕಡೆ ಏನಾಯ್ತದೆ ಅಂತ ನಂಗೊತ್ತಿಲ್ವಾ?"

ಅಂದಿನಿಂದ ಬೆಳಗಿನ ಜಾವ ವಾಲ್ವ್ ತಿರುಗಿಸಿದವಳು ಭಾಗ್ಯಮ್ಮ. ಗೊತ್ತಾದರೆ ಕೆಲಸ ಹೋದೀತು, ಯಾರಿಗೂ ಹೇಳಬೇಡವೆಂದು ಶ್ಯಾಮಣ್ಣ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ. ಎದ್ದ ಕೂಡಲೇ ಮೊದಲು ಅವನ ಕೈ ಮುಟ್ಟುವಳು, ಆಮೇಲೆ ವಾಲ್ವಿನ ಕೀ ಹಿಡಿಯುವಳು. ಇವತ್ತು ಮುಟ್ಟಿದಾಗ ಗುಂಯ್ ಇರಲಿಲ್ಲ.

*

ಭಾಗ್ಯಮ್ಮ ಎದ್ದು ಒಳಗೆ ಹೋಗಿ, ಮಂಚದ ಕೆಳಗಿನಿಂದ ಆಳುದ್ದದ ಕಬ್ಬಿಣದ ಕೀ ಎಳೆದು ತಂದಳು.

"ಗಂಡನ್ನ ಬಿಟ್ಟು ಬೀದಿಗೋಯ್ತಾಳಂತೆ," ಎಂದಳು ನಾದಿನಿ ಬೈರಮ್ಮ, ದಾರಿಗೆ ಅಡ್ಡ ನಿಂತು. "ಎಂಗಸಿಗ್ಯಾಕಮ್ಮ ಅದು?"

ಆಣೆ ಹಾಕಿಸಿಕೊಂಡ ತಲೆಯನ್ನು ಭಾಗ್ಯಮ್ಮ ಒಮ್ಮೆ ನೋಡಿದಳು. 

"ಎರಡು ವರ್ಸದಿಂದ ನಿಮ್ಗೆಲ್ಲ ನೀರು ಬಿಟ್ಟೋಳು ನಾನೇ ಕಣಮ್ಮ. ಅವ್ರ ಕೈಲಿ ಆಯ್ತಿರ್ಲಿಲ್ಲ."

ಬೈರಮ್ಮ ಪಕ್ಕಕ್ಕೆ ಸರಿದಳು. ಅರಳಿಕಟ್ಟೆಯಿಂದ ಮೂರು ಹೆಜ್ಜೆ ಎಣಿಸಿ ಭಾಗ್ಯಮ್ಮ ಕಾಲಿಂದ ತೋರಿಸಿದಲ್ಲಿ ಲೋಕೇಶನ ಹಾರೆ ಟಣ್ ಎಂದಿತು. ಮುಚ್ಚಳ ತೆಗೆದು ಕೀ ಇಳಿಸಿ, ಮೈಭಾರವೆಲ್ಲ ಹಾಕಿ ಏಳು ಸುತ್ತು ತಿರುಗಿಸಿದಳು.

ನಲ್ಲಿ ಕೆಮ್ಮಿತು, ಕೆಂಪು ನೀರು ಕಾರಿತು, ಆಮೇಲೆ ತಿಳಿಯಾಯಿತು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಎಲ್ಲರೂ ಒಂದೊಂದು ಚೊಂಬು ಸುರಿದರು. ಭಾಗ್ಯಮ್ಮ ಅವನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೊಣಕೈಯಿಂದ ಬೆರಳ ತುದಿವರೆಗೆ ತೊಳೆದಳು. ಅವಳ ಮೂರು ಬೆರಳು ತಾವಾಗಿಯೇ ಉಬ್ಬಿದ ನರದ ಮೇಲೆ ಹೋಗಿ ನಿಂತವು. ಹೊತ್ತಾಯಿತು ಎಂದು ಲೋಕೇಶ್ ಕರೆದ. ಅವಳು ಬೆರಳು ತೆಗೆಯಲಿಲ್ಲ. ಬೆನ್ನ ಹಿಂದೆ ನಲ್ಲಿಯ ಪೈಪು ಗುಂಯ್ ಎನ್ನುತ್ತಿತ್ತು.