ಕುಂಟಾಬಿಲ್ಲೆ ಆಡುವ ದೇವಿ

"ಏಳನೇ ಮನಿಗೆ ಬಿತ್ರಿ ಧಣ್ಯಾರ! ಏಳನೇ ಮನಿ!" ಎಂದು ಕಾಳಪ್ಪ ಕೂಗಿದ. ಅವನ ಧಣಿ ಅಂದಾನಪ್ಪ ಜೇಬಿನಿಂದ ಸಣ್ಣ ಡೈರಿ ತೆಗೆದು ಭಕ್ತಿಯಿಂದ ಬರೆದುಕೊಂಡ.

ಬಂಡ್ರಿಯ ಆ ಅಂಗಳದಲ್ಲಿ ಕಾಳಪ್ಪನ ಹೆಂಡತಿ ರೇಣುಕಾ ಸೀರೆಯ ನೆರಿಗೆ ಸೊಂಟಕ್ಕೆ ಸಿಗಿಸಿ, ನಾಲಿಗೆಯ ತುದಿ ಹೊರಗೆ ಚಾಚಿ, ಒಂದೇ ಕಾಲಲ್ಲಿ ಕುಂಟುತ್ತಿದ್ದಳು. ಇಪ್ಪತ್ತಾರು ವರ್ಷದ ಹೆಂಗಸು. ಸುತ್ತ ಮೂವತ್ತು ಜನ ಕೈಮುಗಿದು ಕೂತಿದ್ದರು. ಕಡ್ಡಿರಾಂಪುರದಿಂದ ಮೂರು ಬಸ್ಸು ಹತ್ತಿಳಿದು ಆಗಷ್ಟೇ ಬಂದಿದ್ದ ತಾಯಿ ಜಂಬಕ್ಕ, ಕೈಚೀಲವನ್ನು ಅವುಚಿಕೊಂಡು, ಮಗಳು ಗೆರೆ ತುಳಿಯದಿದ್ದರೆ ಸಾಕು ಎಂದು ಉಸಿರು ಬಿಗಿಹಿಡಿದಳು.

ವರ್ಷದಿಂದೀಚೆಗೆ ರೇಣುಕಾಳ ದನಿ ಆಗಾಗ ಇದ್ದಕ್ಕಿದ್ದಂತೆ ಎಳೆಯದಾಗುತ್ತಿತ್ತು. ಆಗ ಅವಳು ರೇಣುಕಾ ಆಗಿರುತ್ತಿರಲಿಲ್ಲ. ಗಂಡನನ್ನು ಕಂಡರೆ "ಮಾಮಾ" ಎನ್ನುತ್ತಿದ್ದಳು, ಒಲೆ ಹಚ್ಚಲು ಬಾರದೆ ಕೂತುಬಿಡುತ್ತಿದ್ದಳು. ಮೈಮೇಲೆ ದೇವರು ಬರುವುದು ಊರಿಗೆ ಹೊಸತಲ್ಲ. ಬಂದವರನ್ನು ಏನು ಕೇಳಬೇಕೆಂಬುದೂ ಎಲ್ಲರಿಗೂ ಗೊತ್ತಿತ್ತು: ಯಾರವ್ವ ನೀನು, ಎಲ್ಲಿಂದ ಬಂದಿ, ಏನು ಬೇಕು? ಮೂರಕ್ಕೂ ಉತ್ತರ ಸಿಕ್ಕಿತು. ಗುಬ್ಬಿ. ಕಂಪ್ಲಿಯಿಂದ. ಐಸ್‌ಕ್ಯಾಂಡಿ. ವಯಸ್ಸೆಷ್ಟೆಂದು ದೇವರನ್ನು ಯಾರೂ ಕೇಳುವುದಿಲ್ಲವಾದ್ದರಿಂದ, ಒಂಬತ್ತು ವರ್ಷ ಎಂಬ ನಾಲ್ಕನೆಯ ಉತ್ತರ ಹಾಗೇ ಉಳಿಯಿತು. ಮರುದಿನ ಅಂದಾನಪ್ಪ ಸ್ಕಾರ್ಪಿಯೋದಲ್ಲಿ ಒಂದು ಡಬ್ಬಿ ಐಸ್‌ಕ್ಯಾಂಡಿ ತಂದ. ದಾರಿಯಲ್ಲಿ ಕರಗಿ ಬಣ್ಣದ ನೀರಾಗಿತ್ತು. ಅದನ್ನೇ ತೀರ್ಥವೆಂದು ಹಂಚಿದರು.

ಸಂಡೂರಿನ ಸುತ್ತ ಎಲ್ಲರ ಹೊಲದಲ್ಲೂ ಅದಿರು ಸಿಗುತ್ತಿದ್ದ ಕಾಲವದು. ಜೋಳ ಬೆಳೆಯುತ್ತಿದ್ದವರ ಮನೆ ಮುಂದೆ ಟಿಪ್ಪರ್ ನಿಂತಿದ್ದವು. ಅಂದಾನಪ್ಪನ ಹೊಲದಲ್ಲಿ ಮಾತ್ರ ಬರೀ ಮಣ್ಣು. ಗುಬ್ಬಿ ಅಂಗಳದಲ್ಲಿ ಇದ್ದಿಲಿನಿಂದ ಎಂಟು ಮನೆ ಬರೆದಾಗ ಅವನಿಗೆ ತನ್ನ ಹೊಲವೂ ಎಂಟು ತುಂಡಾಗಿರುವುದು ನೆನಪಾಯಿತು. ಅವಳ ಬಿಲ್ಲೆ ಐದನೆಯ ಮನೆಯಲ್ಲಿ ಬಿತ್ತು. ಐದನೆಯ ತುಂಡಿಗೆ ಜೆಸಿಬಿ ಇಳಿಸಿದ. ಎರಡಾಳು ಆಳದಲ್ಲಿ ಕರೀ ಅದಿರು!

ಆಮೇಲೆ ಹೇಳುವುದೇನಿದೆ. ಅವನ ಟಿಪ್ಪರುಗಳ ಹಣೆಯ ಮೇಲೆ 'ಶ್ರೀ ಗುಬ್ಯಮ್ಮ ದೇವಿ ಪ್ರಸನ್ನ' ಎಂದು ಬರೆಸಿದ. ಊರ ಹೊರಗೆ ಗುಡಿ ಎದ್ದಿತು. ಬರುವ ಶುಕ್ರವಾರ ರೇಣುಕಾಳನ್ನು ಗದ್ದುಗೆಯ ಮೇಲೆ ಕೂಡ್ರಿಸುವುದೆಂದು ನಿಶ್ಚಯವಾಯಿತು. ಒಮ್ಮೆ ಕೂತವಳಿಗೆ ಆಮೇಲೆ ಗುಡಿಯೇ ಮನೆ.

ಆಟ ಮುಗಿದು ಜನ ಚದುರಿದ ಮೇಲೆ ರೇಣುಕಾ ಕಟ್ಟೆಯ ಮೇಲೆ ಕುಸಿದು, ಮಸಿಯಾದ ಅಂಗೈ ನೋಡಿಕೊಂಡಳು. ಅವಳ ಸ್ವಂತ ದನಿ ಮರಳಿತ್ತು.

"ಅವ್ವಾ, ಯಾವಾಗ ಬಂದಿ? ಅಕಿ ಮತ್ತ ಬಂದಿದ್ಲಾ?"

"ಹ್ಞೂಂ. ಈಗ ಹೋದ್ಲು."

"ನಾ ಇಲ್ಲದಾಗ ಭಾಳ ತ್ರಾಸ ಕೊಟ್ಲೇನು?"

"ಏನಿಲ್ಲವ್ವ. ಚಂದ ಆಡಿದ್ಲು. ಒಂದ್ ಗೆರೀ ತುಳೀಲಿಲ್ಲ."

ರೇಣುಕಾ ನಗಲು ಹೋಗಿ ಅತ್ತಳು. "ಶುಕ್ರವಾರ ಕೂಡ್ರಸ್ತಾರಂತ. ಅಲ್ಲಿ ಕುಂತ ಮ್ಯಾಲೆ ನಾ ಮತ್ತ ಬರ್ತೀನೋ, ಅಕೀನs ಉಳೀತಾಳೋ?"

ಜಂಬಕ್ಕ ಹಿಂದಿನ ವಾರ ಒಬ್ಬಳೇ ಹೋಗಿ ಹೊಸಪೇಟೆಯ ಅಚ್ಯುತ ಡಾಕ್ಟರನ್ನು ಕಂಡು ಬಂದಿದ್ದಳು. ಅವರು ಕಾಯಿಲೆಗೆ ಹೇಳಿದ ಇಂಗ್ಲಿಷ್ ಹೆಸರು ಗೂಡ್ಸ್ ರೈಲಿನಷ್ಟು ಉದ್ದವಿತ್ತು. ಕೊನೆಯ ಡಬ್ಬಿ ಬರುವಷ್ಟರಲ್ಲಿ ಜಂಬಕ್ಕ ಎಂಜಿನ್ನನ್ನು ಮರೆತಿದ್ದಳು. ಆದರೆ ಕನ್ನಡದಲ್ಲಿ ಹೇಳಿದ್ದು ನೆನಪಿತ್ತು. "ಇದು ದೇವರೂ ಅಲ್ರಿ, ಹುಚ್ಚೂ ಅಲ್ರಿ. ಕೂಸಿದ್ದಾಗ ತಡಕೊಳ್ಳಲಾರದ್ದೇನೋ ಆಗಿರ್ತದ. ಅದನ್ನ ಹೊತ್ಕೊಳ್ಳಿಕ್ಕೆ ಮನಸ್ಸು ಇನ್ನೊಬ್ಬಾಕಿನ್ನ ಮಾಡಿಕೊಂಡಿರ್ತದ. ಅಕಿ ಬಂದ್ರ ಓಡಿಸಬ್ಯಾಡ್ರಿ. ಅಕೀನೂ ನಿಮ್ಮ ಮಗಳs." ಒಂಬತ್ತರ ವಯಸ್ಸಿನಲ್ಲಿ ಎಲ್ಲಿದ್ದಳು ಎಂದು ಅವರು ಕೇಳಿದಾಗ ಜಂಬಕ್ಕ, "ಕಂಪ್ಲ್ಯಾಗ, ನಮ್ಮ ನಾದಿನಿ ಮನ್ಯಾಗ್ರಿ. ಚಂದಾಗಿದ್ಲು" ಎಂದಿದ್ದಳು.

ಕಾಳಪ್ಪನಿಗೆ ಈ ಮಾತೆಲ್ಲ ರುಚಿಸಲಿಲ್ಲ. "ದೇವರನ್ನ ತಲಿ ಡಾಕ್ಟರ್ ಹತ್ರ ಒಯ್ದ್ರ ಊರಾಗ ಮಕ ಹೆಂಗ ತೋರಿಸ್ಲಿ ಅತ್ತೀ?"

"ದೇವರಾಗಿದ್ರ ಡಾಕ್ಟರ್ ಏನು ಮಾಡ್ತಾನೋ ಮಾರಾಯ? ನನ್ನ ಮಗಳಾಗಿದ್ರ ಔಷಧ ಕೊಡ್ತಾನ. ಯಾಕ ಅಂಜ್ತಿ?"

ಕಾಳಪ್ಪ ಬಕೆಟ್ ಎತ್ತಿಕೊಂಡು ಧಣಿಯ ಟಿಪ್ಪರ್ ತೊಳೆಯಲು ಹೋದ.

ದಾರಿ ಮಾಡಿಕೊಟ್ಟವಳು ಗುಬ್ಬಿಯೇ. ಮರುದಿನ ಬೆಳಿಗ್ಗೆ ಬಂದವಳು, ಅಂದಾನಪ್ಪನ ಎದುರಿಗೇ, ಹೊಸಪೇಟೆಗೆ ಹೋಗಿ ಅದಿರಿನ ಗೂಡ್ಸಲ್ಲ, ಜನ ಕೂಡ್ರುವ ರೈಲು ನೋಡಬೇಕೆಂದು ಹಟ ಹಿಡಿದಳು. ದೇವಿಯ ಅಪ್ಪಣೆ! ಸ್ಕಾರ್ಪಿಯೋ ತಾನೇ ಓಡಿಸುತ್ತೇನೆಂದ ಅಂದಾನಪ್ಪ. ಜಂಬಕ್ಕ ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳಿದಳು. ರೈಲು ನೋಡಿದ್ದಾಯಿತು. ಅಲ್ಲಿಂದ ಎಡಕ್ಕೆ, ಮತ್ತೆ ಎಡಕ್ಕೆ, ಗಾಡಿ ನಿಂತದ್ದು ಡಾಕ್ಟರ ಬಾಗಿಲಲ್ಲಿ. ಅಂದಾನಪ್ಪ ಬೋರ್ಡನ್ನು ಎರಡು ಸಲ ಓದಿದ.

"ಇದೇನವ್ವ ಜಂಬಕ್ಕ?"

"ಇಳೀರಿ ಅಣ್ಣಾರ. ಹತ್ತು ನಿಮಿಷದ ಕೆಲಸ."

ಚೀಟಿ ಬರೆಯುವ ಸರಸ್ವತೀಬಾಯಿ ತಲೆ ಎತ್ತದೆ, "ಪೇಶೆಂಟ್ ಹೆಸರು?" ಎಂದರು.

"ರೇಣುಕಾ," ಎಂದಳು ಜಂಬಕ್ಕ.

"ಗುಬ್ಬಿ," ಎಂದಳು ಗುಬ್ಬಿ.

"ಶ್ರೀ ಗುಬ್ಯಮ್ಮ ದೇವಿ," ಎಂದ ಅಂದಾನಪ್ಪ.

"ಒಂದs ಚೀಟಿ ಕೊಡ್ತೀನ್ರಿ," ಎಂದರು ಸರಸ್ವತೀಬಾಯಿ. "ಒಳಗ ಯಾರು ಹೋಗೋರು ನೀವs ಮಾತಾಡ್ಕೊಳ್ರಿ."

ಬೆಂಚಿನ ಮೇಲೆ ಕಾಯುತ್ತ ಕೂತಾಗ ಅಂದಾನಪ್ಪನ ಮನಸ್ಸು ತಡೆಯಲಿಲ್ಲ. ಪಕ್ಕದವರಿಗೆ ಕೇಳಿಸದಂತೆ ಬಾಯಿಗೆ ಟವೆಲ್ ಅಡ್ಡ ಹಿಡಿದು ಬಾಗಿದ. "ತಾಯೀ, ಶುಕ್ರವಾರ ಗುಡ್ಯಾಗ ಕುಂದರ್ತೀ ಹೌದಿಲ್ಲೋ? ಅದೊಂದು ಮಾತು ಕೊಟ್ಟುಬಿಡವ್ವ."

ಗುಬ್ಬಿ ಕಾಲು ಆಡಿಸುವುದನ್ನು ನಿಲ್ಲಿಸಿದಳು. "ಅದಕ್ಕ ಬಾಗಿಲ ಐತೇನು?"

"ಬಾಗಿಲs? ತೇಗಿನ ಬಾಗಿಲ ತಾಯೀ! ಹಿತ್ತಾಳಿ ಚಿಲಕ, ಇಷ್ಟು ದಪ್ಪಂದು! ಹೊರಗಿಂದ ಬೀಗ ಹಾಕಿದ್ರ ಇರಬೀನೂ ಒಳಗ ಬರಂಗಿಲ್ಲ."

"ಬ್ಯಾಡ," ಎಂದಳು ಗುಬ್ಬಿ. ಜಂಬಕ್ಕನ ಹಿಂದೆ ಸರಿದು, ಅವಳ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು. "ಹೊರಗಿಂದ ಚಿಲಕ ಬ್ಯಾಡ. ನಾ ಅಳಂಗಿಲ್ಲ. ಉಣ್ಣಾಕ ಕೇಳಂಗಿಲ್ಲ. ಅವ್ವ ಎಲ್ಲಿ ಅಂತ ಕೇಳಂಗಿಲ್ಲ. ಚಿಲಕ ಹಾಕಬ್ಯಾಡ್ರಿ."

ಜಂಬಕ್ಕ ಆ ಮುಷ್ಟಿಗಳ ಮೇಲೆ ತನ್ನ ಕೈಯಿಟ್ಟಳು. ಗಂಡ ತೀರಿಕೊಂಡ ವರ್ಷ ದುಡಿಯಲು ಹೋಗುವಾಗ ಮಗಳನ್ನು ಕಂಪ್ಲಿಯಲ್ಲಿ ಬಿಟ್ಟಿದ್ದಳು. ಎರಡು ವರ್ಷದ ಮೇಲೆ ಕರೆತಂದಾಗ ಹುಡುಗಿ ಏನನ್ನೂ ಬೇಡುತ್ತಿರಲಿಲ್ಲ, ಎದುರು ಮಾತಾಡುತ್ತಿರಲಿಲ್ಲ. ಎಷ್ಟು ಶಾಣ್ಯಾಕಿ ಆಗ್ಯಾಳ ಎಂದು ಓಣಿಯೆಲ್ಲ ಹೊಗಳಿತ್ತು. ಜಂಬಕ್ಕನೂ ಹಿಗ್ಗಿದ್ದಳು.

ಅಂದಾನಪ್ಪ ಟವೆಲ್ ಬಾಯಿಂದ ತೆಗೆದ. ಅವನಿಗೂ ಮನೆಯಲ್ಲಿ ಮೊಮ್ಮಗಳಿದ್ದಳು. ದೇವಿಯನ್ನು ನೋಡಿದ, ಜಂಬಕ್ಕನನ್ನು ನೋಡಿದ.

"ಎಷ್ಟನೇ ಕ್ಲಾಸವ್ವ ನೀನು?" ಎಂದ.

"ನಾಕನೇದು."

"ಶುಕ್ರವಾರ ಏನಿಲ್ಲ ಬಿಡು," ಎಂದ ಅವನು, ಯಾರಿಗೆ ಎಂದು ಸ್ಪಷ್ಟವಾಗದ ಹಾಗೆ.

ಹೆಸರು ಕರೆದರು. ಒಳಗೆ ಹೋದ ಗುಬ್ಬಿ, ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ಬರುತ್ತಿದ್ದಂತೆ ಚೀರಿ ಹೊರಗೆ ಓಡಿಬಂದಳು. ಅಚ್ಯುತ ಡಾಕ್ಟರು ಎದ್ದು ಬಾಗಿಲನ್ನು ಪೂರ್ತಿ ತೆಗೆದರು. ಅದು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಸ್ಟೂಲು ಇಟ್ಟರೆ ಸ್ಟೂಲೇ ಜಾರಿತು.

"ಸರೀರಿ ಸಾಹೇಬ್ರ," ಎಂದು ಜಂಬಕ್ಕ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಬಾಗಿಲಿಗೆ ಬೆನ್ನು ಕೊಟ್ಟಳು. "ಹೋಗವ್ವ ಗುಬ್ಬಿ. ನಾ ಏಳಂಗಿಲ್ಲ."

ಗುಬ್ಬಿ ಆ ಕಾಲುಗಳನ್ನು ಎಚ್ಚರಿಕೆಯಿಂದ ದಾಟಿ ಒಳಗೆ ಹೋದಳು. ಕುರ್ಚಿ ಎಳೆದ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಎಳೆಯ ದನಿಯೊಂದು ತಡವರಿಸುತ್ತ ಮಾತಿಗೆ ತೊಡಗಿತು. ಬೆಂಚಿನ ಮೇಲಿದ್ದವರೆಲ್ಲ ಕುತ್ತಿಗೆ ಉದ್ದ ಮಾಡಿದರು.

ಅಂದಾನಪ್ಪ ಎದ್ದು ಅವರ ಮುಂದೆ ನಿಂತ. ಟವೆಲ್ಲಿನ ಎರಡೂ ತುದಿ ಹಿಡಿದು ಪರದೆಯಂತೆ ಅಗಲಿಸಿ, "ಆ ಕಡೆ ಕ್ಯಾಲೆಂಡರ್ ಐತಿ ನೋಡ್ರಿ," ಎಂದ. "ಮಸ್ತ್ ಐತಿ. ಅದನ್ನ ನೋಡ್ರಿ."